ಸರೋಂಗಿನ ತಲೆ, ಸರೋಂಗಿನ ಮೈ

ಪ್ರಶ್ನೆ: ನನ್ನ ಅಣ್ಣ ಎಪ್ಪತ್ತರ ದಶಕದಲ್ಲಿ ಸಿಂಗಪುರದಲ್ಲಿ ಕೆಲಸಕ್ಕಿದ್ದಾಗ ಅಮ್ಮನಿಗೆಂದು ಎರಡು ಜಾವಾ ಬಾಟಿಕ್ ಬಟ್ಟೆ ತಂದಿದ್ದ. ಅಮ್ಮ ಒಮ್ಮೆಯೂ ಉಡಲಿಲ್ಲ, ಟ್ರಂಕಿನಲ್ಲೇ ಉಳಿದವು. ಒಂದು ಲುಂಗಿಯಂತೆ ಸುತ್ತ ಹೊಲಿದದ್ದು. ಕೆನೆಬಣ್ಣದ ಮೇಲೆ ಕೆಂಪು, ನೀಲಿ ಹೂಗೊಂಚಲು ಮತ್ತು ಹಕ್ಕಿಗಳು. ಆದರೆ ಒಂದು ಕಡೆ ಹೂವಿನ ವಿನ್ಯಾಸ ಇದ್ದಕ್ಕಿದ್ದಂತೆ ನಿಂತು ತ್ರಿಕೋನಗಳು ಶುರುವಾಗುತ್ತವೆ. ಇನ್ನೊಂದು ಹೊಲಿಯದ್ದು, ಎರಡೂವರೆ ಮೀಟರ್ ಉದ್ದ. ಕಂದು ಮತ್ತು ಕಪ್ಪು-ನೀಲಿಯ ಓರೆ ಸಾಲುಗಳು. ಇಲ್ಲಿನ ಬಟ್ಟೆ ಅಂಗಡಿಯವರೊಬ್ಬರು, ‘ಬಿರುಕಿನ ಗೆರೆಗಳೇ ಇಲ್ಲ, ಇವು ಬಾಟಿಕ್ ಅಲ್ಲ, ಪ್ರಿಂಟು’ ಎಂದರು. ನಿಜವೇ? ಮೊದಲನೆಯದರಲ್ಲಿ ತ್ರಿಕೋನದ ಭಾಗ ತೆಗೆಸಿ ಮಗಳಿಗೆ ಕುರ್ತಾ ಹೊಲಿಸಬಹುದೇ? ಎರಡನೆಯದನ್ನು ಅಣ್ಣನ ಮಗನ ಮದುವೆಗೆ ನಾನು ಉಡಬಹುದೇ?
ಸಾಗರದ ಓದುಗರೊಬ್ಬರು

ಉತ್ತರ: ಮೊದಲು ಕತ್ತರಿಯನ್ನು ಎತ್ತಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನೀವು ಕೆಟ್ಟಿದೆ ಎಂದುಕೊಂಡ ತ್ರಿಕೋನದ ಭಾಗ ಆ ಬಟ್ಟೆಯ ತಲೆ. ಜಾವಾದವರು ಅದನ್ನು ‘ಕೆಪಾಲ’ ಎಂದೇ ಕರೆಯುತ್ತಾರೆ. ನಮ್ಮ ‘ಕಪಾಲ’ವೇ ಸಮುದ್ರ ದಾಟಿ ಅಲ್ಲಿ ಹಾಗಾಗಿದೆ, ಮಲಯ ಭಾಷೆಯಲ್ಲಿ ತಲೆಗೆ ದಿನಬಳಕೆಯ ಮಾತು ಅದು. ಉಳಿದ ಮುಕ್ಕಾಲು ಭಾಗ ‘ಬಾದಾನ್’, ಅಂದರೆ ಮೈ. ಸೀರೆ ಉಡುವವರಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಇಳಕಲ್ ಸೀರೆಯ ಒಡಲಿನ ಚೌಕಡಿ ಒಂದು ಕಡೆ ನಿಂತು ತೋಪುತೆನೆಯ ಸೆರಗು ಶುರುವಾದಾಗ ಯಾರೂ ‘ನೇಕಾರ ತಪ್ಪಿದ’ ಎನ್ನುವುದಿಲ್ಲವಲ್ಲ? ಹಾಗೆಯೇ ಇದು. ವ್ಯತ್ಯಾಸವೊಂದೇ: ಸೀರೆಯ ಸೆರಗು ತುದಿಯಲ್ಲಿ ಬಂದು ಹೆಗಲ ಮೇಲೆ ಹೋಗುತ್ತದೆ, ಸರೋಂಗಿನ (ನಿಮ್ಮ ಲುಂಗಿಯಂಥ ಬಟ್ಟೆಯ ಹೆಸರು ಅದು) ಎರಡು ತುದಿಗಳನ್ನು ಕೂಡಿಸಿ ಹೊಲಿದುಬಿಡುವುದರಿಂದ ಅದರ ತಲೆ ಕೊಳವೆಯಂಥ ಬಟ್ಟೆಯ ಒಂದು ಮಗ್ಗುಲಲ್ಲಿ ಉಳಿಯುತ್ತದೆ. ಜಾವಾ ಕರಾವಳಿಯ ಹೆಂಗಸರು ಉಡುವಾಗ ಅದು ಸಾಮಾನ್ಯವಾಗಿ ಮುಂಭಾಗಕ್ಕೆ ಬರುತ್ತದೆ. ಎದುರಿಗೆ ಬಂದವರ ಕಣ್ಣಿಗೆ ಮೊದಲು ಬೀಳಬೇಕಾದದ್ದನ್ನೇ ನೀವು ಕತ್ತರಿಸಲು ಹೊರಟಿದ್ದಿರಿ.

ನಿಮ್ಮ ಫೋಟೊದಲ್ಲಿ ಎರಡು ಸಾಲು ತ್ರಿಕೋನಗಳು ತುದಿಗೆ ತುದಿ ಎದುರಾಗಿ, ಹಲ್ಲು ಕಚ್ಚಿದಂತೆ ನಿಂತಿವೆ. ಇದಕ್ಕೆ ‘ತುಂಪಾಲ್’ ಎಂದು ಹೆಸರು. ಬಿದಿರಿನ ಕಳಲೆಯ ಮೊನೆ ಎಂದೂ ಕರೆಯುತ್ತಾರೆ. ಈ ಕಳಲೆ ಸಾಲಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಕೋರಮಂಡಲ ತೀರದಿಂದ ಬಣ್ಣ ಬರೆದ ಹತ್ತಿಬಟ್ಟೆಗಳು ಹಡಗುಗಟ್ಟಲೆ ಆ ದ್ವೀಪಗಳಿಗೆ ಹೋಗುತ್ತಿದ್ದವು. ಅಲ್ಲಿನ ಗಿರಾಕಿಗಳ ರುಚಿ ನೋಡಿಕೊಂಡು ಇಲ್ಲಿನ ಕುಶಲಿಗಳು ಎರಡೂ ತುದಿಗೆ ತ್ರಿಕೋನದ ಸಾಲು ಬರೆಯುತ್ತಿದ್ದರು. ಗುಜರಾತಿನ ಪಟೋಲ ರೇಷ್ಮೆಯಂತೂ ಜಾವಾದ ಅರಮನೆಗಳಲ್ಲಿ ಪೂಜ್ಯ ವಸ್ತುವಾಗಿತ್ತು. ಅದರ ನೇಯ್ಗೆಯ ಚೌಕಗಳನ್ನು ಚುಕ್ಕಿಗಳಲ್ಲಿ ಅನುಕರಿಸುವ ‘ನಿತಿಕ್’ ಮತ್ತು ‘ಜ್ಲಂಪ್ರಂಗ್’ ಎಂಬ ವಿನ್ಯಾಸಗಳು ಇಂದಿಗೂ ಇವೆ. ಮುಂದೆ ಭಾರತದ ಬಟ್ಟೆಯ ವ್ಯಾಪಾರ ಕುಸಿದಾಗ ಆ ಜಾಗವನ್ನು ತುಂಬಿದ್ದು ಜಾವಾದ ಉತ್ತರ ಕರಾವಳಿಯ ಬಾಟಿಕ್ ಮನೆಗಳು. ಕೈ ಬದಲಾಯಿತು, ತ್ರಿಕೋನ ಉಳಿಯಿತು.

ಇನ್ನು ಅಂಗಡಿಯವರ ಬಿರುಕಿನ ಮಾತು. ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರಿಂಟ್ ಮಾಡುವವರು ಈಗ ಬಿರುಕನ್ನೂ ಪ್ರಿಂಟ್ ಮಾಡುತ್ತಾರೆ. ಬಾಟಿಕ್ ಎಂದರೆ ಮೇಣದಿಂದ ಬಟ್ಟೆಯ ಒಂದು ಭಾಗವನ್ನು ಮುಚ್ಚಿ, ಬಣ್ಣದಲ್ಲಿ ಅದ್ದಿ, ಮೇಣ ಮುಚ್ಚಿದ ಕಡೆ ಬಣ್ಣ ಹತ್ತದಂತೆ ಮಾಡುವ ಕೆಲಸ. ಮೇಣ ಒಡೆದರೆ ಸಂದಿಯಲ್ಲಿ ಬಣ್ಣ ಇಳಿದು ಜೇಡರಬಲೆಯಂಥ ಗೆರೆಗಳು ಬೀಳುತ್ತವೆ. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವಾ, ಬಾಲಿಗೆ ಹೋಗಿ ಬಂದ ಮೇಲೆ ಶಾಂತಿನಿಕೇತನದಲ್ಲಿ ಬಾಟಿಕ್ ಬೆಳೆಯಿತು. ಅಲ್ಲಿಂದ ದೇಶದ ಕಲಾಶಾಲೆಗಳಿಗೆ, ಬೇಸಿಗೆ ಶಿಬಿರಗಳಿಗೆ ಹರಡಿತು. ಆ ದಾರಿಯಲ್ಲಿ ಬಿರುಕೇ ಅಲಂಕಾರವಾಯಿತು. ಪ್ಯಾರಫಿನ್ ಹೆಚ್ಚು ಹಾಕಿದರೆ ಮೇಣ ಚೆನ್ನಾಗಿ ಒಡೆಯುತ್ತದೆ, ಬಟ್ಟೆಯನ್ನು ಮುದ್ದೆ ಮಾಡಿದರೆ ಇನ್ನೂ ಚೆನ್ನಾಗಿ. ಜಾವಾದ ಒಳನಾಡಿನ ಹಳೆಯ ಕುಶಲಿಯೊಬ್ಬಳ ಮುಂದೆ ಅಂಥ ಬಟ್ಟೆ ಹಿಡಿದರೆ ‘ಅಯ್ಯೋ, ಕೈತಪ್ಪಿತೇ?’ ಎಂದು ಮರುಗುತ್ತಾಳೆ. ಜೇನುಮೇಣಕ್ಕೆ ಡಾಮರ್ ಮರದ ಅಂಟು, ಪೈನ್ ರಾಳ ಬೆರೆಸಿ ಅವರು ಮೇಣದ ಹದ ಮಾಡುವುದೇ ಅದು ಬಾಗಬೇಕು, ಒಡೆಯಬಾರದು ಎಂಬ ಕಾರಣಕ್ಕೆ. ನೀಲಿಯ ತೊಟ್ಟಿ ತಣ್ಣಗಿರುವುದರಿಂದ ಮೇಣ ಕರಗುವುದೂ ಇಲ್ಲ. ಒಳನಾಡಿನ ಸೊಲೊ ನಗರದ ದಕ್ಷಿಣಕ್ಕಿರುವ ವೊನೊಗಿರಿಯಲ್ಲಿ ಬೇಕೆಂದೇ ಬಿರುಕು ಬಿಡುವ ಪದ್ಧತಿ ಉಂಟು, ಅದು ಆ ಊರಿನ ಗುರುತು. ಅದನ್ನು ಬಿಟ್ಟರೆ ಬಿರುಕಿಲ್ಲದಿರುವುದು ಒಳ್ಳೆಯ ಕೆಲಸದ ಲಕ್ಷಣ.

ಹಾಗಾದರೆ ಪ್ರಿಂಟೋ ಅಲ್ಲವೋ ತಿಳಿಯುವುದು ಹೇಗೆ? ಬಟ್ಟೆ ತಿರುಗಿಸಿ ನೋಡಬೇಕು. ನೀವು ಮೊದಲು ಮುಂಭಾಗದ ಚಿತ್ರಗಳನ್ನಷ್ಟೇ ಕಳಿಸಿದ್ದಿರಿ. ಹಿಂಬದಿಯದನ್ನು ಕೇಳಿ ತರಿಸಿಕೊಂಡದ್ದು ಇದಕ್ಕೇ. ಪ್ರಿಂಟಾದ ಬಟ್ಟೆಯಲ್ಲಿ ಬಣ್ಣ ಮೇಲೆ ಕೂತಿರುತ್ತದೆ, ಹಿಂದೆ ಮಸುಕು. ಬಾಟಿಕ್ಕನ್ನು ಬಣ್ಣದಲ್ಲಿ ಮುಳುಗಿಸುವುದರಿಂದ ಎರಡೂ ಮುಖ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಮನೆಗಳಲ್ಲಿ ಒಂದು ಮುಖಕ್ಕೆ ಮೇಣದ ಗೆರೆ ಎಳೆದ ಮೇಲೆ ಬಟ್ಟೆ ತಿರುಗಿಸಿ ಅದೇ ಗೆರೆಯ ಮೇಲೆ ಹಿಂದಿನಿಂದಲೂ ಮೇಣ ಎಳೆಯುತ್ತಾರೆ. ಒಂದೇ ಪತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಮತ್ತೆ ಬರೆದಂತೆ.

ಆ ದೃಷ್ಟಿಯಲ್ಲಿ ನಿಮ್ಮ ಎರಡೂ ಬಟ್ಟೆಗಳು ಅಪ್ಪಟ ಬಾಟಿಕ್. ಆದರೆ ಎರಡೂ ಒಂದೇ ಬಗೆಯವಲ್ಲ.

ಹೂಗೊಂಚಲಿನದು ‘ತುಲಿಸ್’. ಹಾಗೆಂದರೆ ಬರೆದದ್ದು. ಬರೆಯುವ ಲೇಖನಿಯ ಹೆಸರು ‘ಚಾಂಟಿಂಗ್’: ಬಿದಿರಿನ ಇಲ್ಲವೇ ಮರದ ಹಿಡಿ, ಹೆಬ್ಬೆರಳುಗುರಿನಷ್ಟು ತಾಮ್ರದ ಬಟ್ಟಲು, ಅದಕ್ಕೆ ಹಕ್ಕಿಯ ಕೊಕ್ಕಿನಂಥ ಬಾಗಿದ ಮೂತಿ. ಹೆಂಗಸರು ಸಣ್ಣ ಒಲೆಯ ಸುತ್ತ ತಗ್ಗು ಮಣೆಯ ಮೇಲೆ ಕೂತಿರುತ್ತಾರೆ. ಬಿದಿರಿನ ಚೌಕಟ್ಟಿಗೆ ಇಳಿಬಿಟ್ಟ ಬಟ್ಟೆಯ ಕೆಳಗೆ ಎಡಗೈ ಆಧಾರ. ಬಲಗೈ ಬಟ್ಟಲಲ್ಲಿ ಕಾದ ಮೇಣ ಮೊಗೆದು, ಮೂತಿಯನ್ನು ಬಾಯಿಯ ಹತ್ತಿರ ತಂದು ಒಮ್ಮೆ ಉಫ್ ಎಂದು ಊದುತ್ತದೆ ಆಕೆಯ ತುಟಿ. ಮೂತಿಯ ತುದಿಯಲ್ಲಿ ನಿಂತ ಹನಿ ಹೋಗಬೇಕು, ಇಲ್ಲವಾದರೆ ಬಟ್ಟೆಯ ಮೇಲೆ ಬೊಟ್ಟಾಗಿ ಬೀಳುತ್ತದೆ. ಮೇಣ ತೀರ ಬಿಸಿಯಾದರೆ ಹರಡುತ್ತದೆ, ಆರಿದರೆ ಮೂತಿಯಲ್ಲೇ ಕಟ್ಟುತ್ತದೆ. ಆದ್ದರಿಂದ ಕೆಲವೇ ಅಂಗುಲ ಎಳೆದು ಮತ್ತೆ ಒಲೆಗೆ ಕೈ. ಹೀಗೆ ತಿಂಗಳುಗಟ್ಟಲೆ. ನಿಮ್ಮ ಬಟ್ಟೆಯಲ್ಲಿ ಹಕ್ಕಿಯ ರೆಕ್ಕೆಯೊಳಗಿನ ಚುಕ್ಕಿಗಳನ್ನು ಭೂತಗನ್ನಡಿಯಲ್ಲಿ ನೋಡಿ: ಎಲ್ಲವೂ ಒಂದೇ ಗಾತ್ರದವಲ್ಲ, ಸಾಲಿನ ಕೊನೆಗೆ ಬರುತ್ತಾ ತುಸು ಕಿರಿದಾಗುತ್ತವೆ. ಬಟ್ಟಲಲ್ಲಿ ಮೇಣ ತೀರುತ್ತಾ ಬಂದಿದ್ದರ ಗುರುತು ಅದು. ಆಮೇಲೆ ಮತ್ತೆ ದಪ್ಪ ಚುಕ್ಕಿ. ಆಕೆ ಎಲ್ಲೆಲ್ಲಿ ಒಲೆಯತ್ತ ತಿರುಗಿದಳು ಎಂದು ಎಣಿಸಬಹುದು.

ಓರೆ ಸಾಲಿನದು ‘ಚಾಪ್’, ಅಂದರೆ ಅಚ್ಚು. ನಮ್ಮ ‘ಛಾಪು’ ಇದೆಯಲ್ಲ, ಅದರ ದಾಯಾದಿ ಪದ. ತಾಮ್ರದ ತೆಳು ಪಟ್ಟಿಗಳನ್ನು ಬಾಗಿಸಿ ಕೂಡಿಸಿದ ಅಚ್ಚನ್ನು ಮೇಣಕ್ಕೆ ಒತ್ತಿ ಬಟ್ಟೆಗೆ ಒತ್ತುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇದು ಬಂತು; ಅಗ್ಗದ ಯಂತ್ರದ ಬಟ್ಟೆಗಳ ಎದುರು ಜಾವಾದವರು ಉಳಿದದ್ದು ಇದರಿಂದ. ಬರೆಯುವುದು ಹೆಂಗಸರ ಕೆಲಸ, ಅಚ್ಚು ಒತ್ತುವುದು ಗಂಡಸರದ್ದು ಎಂಬ ಹಂಚಿಕೆಯೂ ಆಗಲೇ ಬಿತ್ತು. ನಿಮ್ಮ ಬಟ್ಟೆಯಲ್ಲಿ ಸುಮಾರು ಒಂದು ಗೇಣಿಗೊಮ್ಮೆ ಅದೇ ಒಂದು ಕೊಕ್ಕೆಯ ತುದಿ ಮೊಂಡಾಗಿರುವುದನ್ನು ಗಮನಿಸಿದ್ದೀರಾ? ಅಚ್ಚಿನ ಆ ಜಾಗದ ತಾಮ್ರ ಸವೆದಿತ್ತು. ಕೈಯಲ್ಲಿ ಬರೆದರೆ ತಪ್ಪುಗಳು ಬೇರೆ ಬೇರೆ ಕಡೆ ಬೀಳುತ್ತವೆ. ಅಚ್ಚಿನ ತಪ್ಪು ಲೆಕ್ಕ ಹಾಕಿದಂತೆ ಮರಳಿ ಬರುತ್ತದೆ. ಚಾಪ್ ಎಂದು ಕೀಳಾಗಿ ಕಾಣಬೇಕಾಗಿಲ್ಲ. ಮೇಣ ಅದೇ, ಅದ್ದುವುದೂ ಅದೇ.

ಈಗ ಮೊದಲನೆಯದರ ಊರು. ಕೆನೆಯ ಮೇಲೆ ಕೆಂಪು, ನೀಲಿ, ಹೂಗೊಂಚಲು, ಹೊಲಿದ ಸರೋಂಗ್. ಇವೆಲ್ಲ ಉತ್ತರ ಕರಾವಳಿಯತ್ತ, ಅದರಲ್ಲೂ ಪೆಕಲೊಂಗನ್ ಕಡೆಗೆ ಬೆರಳು ತೋರಿಸುತ್ತವೆ. ಹೂಗೊಂಚಲಿಗೆ ಅಲ್ಲಿ ‘ಬುಕೆತಾನ್’ ಎನ್ನುತ್ತಾರೆ, ಅದು ಡಚ್ಚರ ‘ಬೊಕೆ’. ವಸಾಹತಿನ ಕಾಲದಲ್ಲಿ ಯುರೋಪಿಯನ್ ಮತ್ತು ಮಿಶ್ರ ಕುಲದ ಮನೆತನಗಳ ಹೆಂಗಸರು ಸರೋಂಗ್ ಉಡುತ್ತಿದ್ದರು, ಅವರಲ್ಲೇ ಕೆಲವರು ಬಾಟಿಕ್ ಮನೆಗಳನ್ನು ನಡೆಸುತ್ತಿದ್ದರು. ಹೆಸರಾದವರು ಪೆಕಲೊಂಗನ್‌ನ ಎಲೈಜಾ ಫಾನ್ ಜೌಲೆನ್ (1863–1947). ಆ ಊರಿನ ಸೆಕೆಯಲ್ಲಿ ಬೆಳೆಯದ ಯುರೋಪಿನ ಹೂವುಗಳನ್ನು ಚಿತ್ರ ನೋಡಿಕೊಂಡು ಬಟ್ಟೆಯ ಮೇಲೆ ಅರಳಿಸಿದ ಕೀರ್ತಿ ಅವರದು, ಮೇಣ ಹಿಡಿದ ಜಾವಾ ಹೆಂಗಸರದ್ದೂ ಹೌದು. ಆ ಹೆಂಗಸರ ಹೆಸರು ಬಟ್ಟೆಯ ಮೇಲೆ ಎಲ್ಲೂ ಇಲ್ಲ. ಯಜಮಾನಿಯ ಸಹಿ ಮಾತ್ರ ಇದೆ. ಹತ್ತಿರದ ಕೆಡುಂಗ್‌ವುನಿಯಲ್ಲಿ ಚೀನೀ ಮೂಲದ ಓಯೆ ಸೂ ಚೂನ್ 1925ರಲ್ಲಿ ಶುರು ಮಾಡಿದ ಮನೆ ಇದೇ ಹೂಗೊಂಚಲನ್ನು ಇನ್ನೂ ಸೂಕ್ಷ್ಮಕ್ಕೆ ಒಯ್ದಿತು. ಅವರ ದಳಗಳ ನೆರಳು ಪೂರ್ತಿ ಚುಕ್ಕಿಗಳಿಂದಲೇ ಮೂಡಿದ್ದು. ಇಂಥ ಸರೋಂಗ್‌ಗಳಿಗೆ ಸಿಂಗಪುರ, ಪೆನಾಂಗ್, ಮಲಾಕಾಗಳ ಪೆರಾನಕನ್, ಅಂದರೆ ತಲೆಮಾರುಗಳಿಂದ ಅಲ್ಲೇ ನೆಲೆಸಿದ ಚೀನೀ ಮನೆತನಗಳ ಹೆಂಗಸರು ದೊಡ್ಡ ಗಿರಾಕಿಗಳು. ಮೇಲೆ ಕೆಬಾಯ ರವಿಕೆ, ಕೆಳಗೆ ಪೆಕಲೊಂಗನ್ ಸರೋಂಗ್. ನಿಮ್ಮ ಅಣ್ಣನಿಗೆ ಸಿಂಗಪುರದಲ್ಲಿ ಇದು ಸಿಕ್ಕಿದ್ದು ಹೀಗೆ.

ಸಹಿ ಎಂದೆನಲ್ಲ, ತಲೆ ಮತ್ತು ಮೈ ಸೇರುವ ಕಡೆ, ಅಂಚಿನ ಮೂಲೆಯಲ್ಲಿ ಒಮ್ಮೆ ಹುಡುಕಿ. ಸಣ್ಣ ಇಂಗ್ಲಿಷ್ ಅಕ್ಷರಗಳಿರಬಹುದು. ಊರಿನ ಹೆಸರಲ್ಲಿ ‘ಉ’ಕಾರಕ್ಕೆ ‘ಓ’ (o) ಮತ್ತು ‘ಈ’ (e) ಎಂಬ ಎರಡಕ್ಷರಗಳನ್ನು ಜೋಡಿಸಿ ಬರೆದಿದ್ದರೆ ಅದು ಡಚ್ಚರ ಕಾಲದ ಕಾಗುಣಿತ. 1947ರಲ್ಲಿ ಅದನ್ನು ಬದಲಿಸಿ ಒಂದೇ ಅಕ್ಷರ ಮಾಡಿದರು. ಆದರೆ ಹಿಗ್ಗಬೇಡಿ: ಹಳೆಯ ಮನೆಗಳು ಹಳೆಯ ಕಾಗುಣಿತವನ್ನೇ ಇಟ್ಟುಕೊಂಡವು, ಹೆಸರಾಂತ ಸಹಿಗಳನ್ನು ನಕಲು ಮಾಡಿದವರೂ ಇದ್ದರು.

ಕೆಂಪಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪೆಕಲೊಂಗನ್‌ನಿಂದ ಪೂರ್ವಕ್ಕೆ ಲಾಸೆಮ್ ಎಂಬ ಹಳೆಯ ಬಂದರಿದೆ. ಅಲ್ಲಿನ ಕೆಂಪಿಗೆ ‘ಕೋಳಿಯ ರಕ್ತ’ ಎಂದು ಅಡ್ಡಹೆಸರು. ನಮ್ಮಲ್ಲಿ ನೋನಿ ಎಂದು ಬಾಟಲಿಯಲ್ಲಿ ರಸ ಮಾರುತ್ತಾರಲ್ಲ, ಆ ಗಿಡದ ಬೇರಿನ ತೊಗಟೆಯಿಂದ ಈ ಕೆಂಪು ತೆಗೆಯುತ್ತಿದ್ದರು. ಬೇರೆಲ್ಲೂ ಅಂಥ ಕೆಂಪು ಬರುವುದಿಲ್ಲ ಎಂಬ ನಂಬಿಕೆ ಎಷ್ಟಿತ್ತೆಂದರೆ, ಒಂದೇ ಬಟ್ಟೆ ಕೆಂಪಿಗೆ ಲಾಸೆಮ್‌ಗೆ, ನೀಲಿಗೆ ಪೆಕಲೊಂಗನ್‌ಗೆ, ಕಂದಿಗೆ ಸೊಲೊಗೆ ಪ್ರಯಾಣ ಮಾಡುತ್ತಿತ್ತು. ಅದರ ಹೆಸರು ‘ತಿಗ ನೆಗೆರಿ’, ಮೂರು ನಾಡುಗಳದ್ದು. ‘ನೆಗೆರಿ’ ನಮ್ಮ ‘ನಗರಿ’ಯೇ. ಹೀಗೆ ಊರೂರು ತಿರುಗಿದ ಬಟ್ಟೆಯನ್ನು ಉಟ್ಟವಳು ಎಷ್ಟೋ ಸಲ ತಾನು ಹುಟ್ಟಿದ ಊರು ಬಿಟ್ಟು ಹೋಗಿರುತ್ತಿರಲಿಲ್ಲ. ನಿಮ್ಮದು ಎರಡೇ ಬಣ್ಣದ್ದು. ಎಪ್ಪತ್ತರ ದಶಕದಲ್ಲಿ ಕೊಂಡದ್ದೆಂದರೆ ಬಣ್ಣ ಬಹುಮಟ್ಟಿಗೆ ರಾಸಾಯನಿಕವೇ. ಅದಕ್ಕೆ ಬೇಸರ ಬೇಡ; ಇಪ್ಪತ್ತನೆಯ ಶತಮಾನದ ಹೆಸರಾಂತ ಮನೆಗಳೂ ಅದನ್ನೇ ಬಳಸಿದವು.

ಎರಡನೆಯ ಬಟ್ಟೆ ಸರೋಂಗೇ ಅಲ್ಲ. ತಲೆಯಿಲ್ಲ, ಹೊಲಿಗೆಯಿಲ್ಲ, ಉದ್ದಕ್ಕೂ ಒಂದೇ ವಿನ್ಯಾಸ. ಇದು ‘ಕಾಯಿನ್ ಪಂಜಾಂಗ್’, ಉದ್ದ ಬಟ್ಟೆ; ಜಾವಾ ಭಾಷೆಯಲ್ಲಿ ‘ಜಾರಿಕ್’. ಸೊಲೊ, ಯೋಗ್ಯಕರ್ತದಂಥ ಒಳನಾಡಿನ ಅರಮನೆ ಊರುಗಳಲ್ಲಿ ಇದೇ ಮರ್ಯಾದೆಯ ಉಡುಪು. ಸೊಂಟಕ್ಕೆ ಸುತ್ತಿ, ಹೊರತುದಿಯನ್ನು ಬೆರಳಗಲದ ನೆರಿಗೆಗಳಾಗಿ ಮಡಿಸಿ ಮುಂದೆ ಇಳಿಬಿಡುತ್ತಾರೆ. ಕರಾವಳಿ ವ್ಯಾಪಾರಿಗಳ ಊರು, ಚೀನೀಯರ, ಅರಬರ, ಡಚ್ಚರ ರುಚಿಯೆಲ್ಲ ಬೆರೆತು ಬಣ್ಣ ಚೆಲ್ಲಿದೆ. ಒಳನಾಡು ಅರಮನೆಯ ಊರು. ಅಲ್ಲಿ ಮೂರೇ ಬಣ್ಣ: ಕಂದು, ನೀಲಿ, ಬಿಳಿ. ಕಂದಿಗೆ ‘ಸೋಗ’ ಎನ್ನುತ್ತಾರೆ. ಬೇಸಿಗೆಯಲ್ಲಿ ಬೆಂಗಳೂರಿನ ರಸ್ತೆಗಳಿಗೆ ಹಳದಿ ಹೂವಿನ ಹಾಸು ಹಾಸುವ ಕಾಪರ್‌ಪಾಡ್ ಮರ ಗೊತ್ತಲ್ಲ, ಅದರ ತೊಗಟೆಯೇ ಈ ಕಂದಿಗೆ ಮುಖ್ಯ ಸಾಮಗ್ರಿ. ಬಿಳಿ ಅಚ್ಚ ಬಿಳಿಯಾಗಿದ್ದರೆ ಯೋಗ್ಯಕರ್ತ, ಕೆನೆಗಟ್ಟಿದ್ದರೆ ಸೊಲೊ. ನಿಮ್ಮದು ಸೊಲೊದ ಕೆನೆ.

ಆ ಓರೆ ಸಾಲುಗಳು ‘ಪರಂಗ್’. ಬಾಗಿದ ಕತ್ತಿಗಳನ್ನು ಒಂದರ ಬೆನ್ನಿಗೊಂದು ಪೋಣಿಸಿದಂತಿದೆ. ಕಡಲ ಅಲೆಗಳು ಬಂಡೆಗೆ ಬಡಿಯುವ ರೂಪ ಎಂದೂ ಹೇಳುವವರಿದ್ದಾರೆ. ಎರಡು ಸಾಲುಗಳ ನಡುವೆ ವಜ್ರಾಕಾರದ ಪುಟ್ಟ ಮಣಿಗಳ ಸಾಲು ಕಾಣುತ್ತದಲ್ಲ, ಬೇರೆ ಓರೆ ವಿನ್ಯಾಸಗಳಿಂದ ಪರಂಗನ್ನು ಬೇರೆ ಮಾಡುವ ಗುರುತು ಅದು. ಈ ವಿನ್ಯಾಸ ಅರಮನೆಗೆ ಮೀಸಲಾಗಿತ್ತು. 1769ರಲ್ಲಿ ಸೊಲೊ ಅರಮನೆ ಯಾವ ವಿನ್ಯಾಸಗಳನ್ನು ಪ್ರಜೆಗಳು ಉಡಬಾರದು ಎಂದು ಆಜ್ಞೆ ಹೊರಡಿಸಿತು. ಮುಂದೆ ಯೋಗ್ಯಕರ್ತದಲ್ಲೂ ಇಂಥ ನಿಯಮಗಳು ಬಂದವು, 1927ರಷ್ಟು ಈಚೆಗೂ ಒಂದು ಬಂದಿದೆ. ಕತ್ತಿಯ ಗಾತ್ರ ದೊಡ್ಡದಾದಷ್ಟೂ ಉಟ್ಟವನ ಪದವಿ ದೊಡ್ಡದು. ‘ಪರಂಗ್ ಬಾರೊಂಗ್’ ಎಂಬ ದೊಡ್ಡ ಕತ್ತಿ ರಾಜನಿಗೇ. ಇದೇ ಮೀಸಲು ಪಟ್ಟಿಯಲ್ಲಿದ್ದ ಇನ್ನೊಂದು ‘ಕವುಂಗ್’, ನಾಲ್ಕು ಮೊಟ್ಟೆಯಾಕಾರಗಳು ಕೂಡಿದ ಹೂವಿನಂಥದ್ದು. ನಮ್ಮ ಕರಾವಳಿಯ ಓದುಗರಿಗೆ ‘ಕಂಗು’ ಎಂದು ಕೇಳಿಸಿದರೆ ತಪ್ಪಲ್ಲ, ಆದರೆ ಇದು ಅಡಿಕೆಯಲ್ಲ, ಬೆಲ್ಲ ತೆಗೆಯುವ ಅಲ್ಲಿನ ತಾಳೆಯ ಹಣ್ಣನ್ನು ಅಡ್ಡ ಕೊಯ್ದ ನೋಟ.

ಇಂದು ಅಂಗಡಿಯಲ್ಲಿ ಪರಂಗ್ ಯಾರಿಗೂ ಸಿಗುತ್ತದೆ, ಅಂಗಿ, ಚೀಲ, ಮೊಬೈಲ್ ಕವಚಗಳ ಮೇಲೂ ಇದೆ. ಅರಮನೆಯೊಳಗೆ ಮಾತ್ರ ಹಳೆಯ ಕಟ್ಟು ಉಳಿದಿದೆ. 2022ರ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾದ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಅವರ ಕಿರಿಯ ಮಗನ ಮದುವೆಯ ಸತ್ಕಾರ ಸೊಲೊದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗ, ಅತಿಥಿಗಳು ಪರಂಗ್ ಉಟ್ಟು ಬರಬಾರದೆಂದು ಮೊದಲೇ ತಿಳಿಸಿದ್ದರು. ಮದುವೆಗೂ ಪರಂಗ್‌ಗೂ ಇನ್ನೊಂದು ತಕರಾರಿದೆ: ಕತ್ತಿ ಕಾದಾಟದ ಸಂಕೇತ, ದಂಪತಿ ಜಗಳವಾಡುತ್ತಾರೆ ಎಂದು ಅಲ್ಲಿನ ಹಿರಿಯರು ಮದುಮಕ್ಕಳಿಗೆ ಅದನ್ನು ಉಡಿಸುವುದಿಲ್ಲ. ಅವರಿಗೆ ‘ಸಿದೊಮುಕ್ತಿ’ ಉಡಿಸುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ; ಜಾವಾ ಭಾಷೆಯಲ್ಲಿ ‘ಮುಕ್ತಿ’ ಎಂದರೆ ಸುಖಸಂಪತ್ತು, ನಮ್ಮ ಮೋಕ್ಷವಲ್ಲ. ಮದುಮಕ್ಕಳ ತಂದೆತಾಯಂದಿರು ಉಡುವುದು ‘ತ್ರುಂತುಂ’, ಕಪ್ಪು ಆಕಾಶದಲ್ಲಿ ನಕ್ಷತ್ರ ಚೆಲ್ಲಿದಂಥ ವಿನ್ಯಾಸ. ಸೊಲೊದ ಮೂರನೆಯ ಪಾಕುಬುವೊನೊ ರಾಜನ ರಾಣಿ, ಗಂಡನ ಮನಸ್ಸು ತನ್ನಿಂದ ದೂರವಾದ ದಿನಗಳಲ್ಲಿ ಇದನ್ನು ಬರೆಯತೊಡಗಿದಳು, ಬಟ್ಟೆ ಮುಗಿಯುವ ಹೊತ್ತಿಗೆ ಅವನ ಪ್ರೀತಿ ಮತ್ತೆ ಚಿಗುರಿತು ಎಂದು ಕಥೆ.

ನನ್ನ ಮೆಚ್ಚಿನದು ಮಾತ್ರ ಬೇರೆ, ‘ಸೆಮೆನ್ ರಾಮ’. ‘ಸೆಮಿ’ ಎಂದರೆ ಚಿಗುರು. ಬಳ್ಳಿಗಳ ನಡುವೆ ಮೇರು ಪರ್ವತ, ಅವರು ‘ಗುರ್ದ’ ಎನ್ನುವ ಗರುಡನ ರೆಕ್ಕೆ, ಬೆಂಕಿಯ ನಾಲಿಗೆ, ದೋಣಿ. ಜಾವಾದ ಹಳೆಯ ಕಾಕವಿನ್ ರಾಮಾಯಣದಲ್ಲಿ ರಾವಣವಧೆಯ ನಂತರ ರಾಮ ವಿಭೀಷಣನಿಗೆ ಇಂದ್ರ, ಯಮ, ಸೂರ್ಯ, ಚಂದ್ರ ಮೊದಲಾದ ಎಂಟು ದೇವತೆಗಳ ಗುಣಗಳನ್ನು ಹೇಳಿ ಹೀಗೆ ರಾಜ್ಯವಾಳು ಎಂದು ಬುದ್ಧಿ ಹೇಳುತ್ತಾನೆ. ಆ ‘ಅಷ್ಟಬ್ರತ’ವನ್ನೇ ಈ ಬಟ್ಟೆಯ ಎಂಟು ರೂಪಗಳಲ್ಲಿ ಅವರು ಓದುತ್ತಾರೆ. ಮುಸ್ಲಿಂ ಸುಲ್ತಾನರ ಅರಮನೆಯಲ್ಲಿ, ಮೇಣದ ಗೆರೆಯಲ್ಲಿ, ವಿಭೀಷಣನಿಗೆ ಪಾಠ!

ನಿಮ್ಮ ಮದುವೆ ಪ್ರಶ್ನೆಗೆ ಬರುತ್ತೇನೆ. ಸಾಗರದ ಕಲ್ಯಾಣಮಂಟಪದಲ್ಲಿ ಪರಂಗ್ ಉಟ್ಟರೆ ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಆದರೆ ಅಣ್ಣ ತಂದ ಬಟ್ಟೆಯನ್ನು ಅಣ್ಣನ ಮಗನ ಮದುವೆಗೇ ಉಡಬೇಕೆಂಬ ನಿಮ್ಮ ಆಸೆ ನೋಡಿದರೆ, ಕತ್ತಿಯದನ್ನು ಬಿಟ್ಟು ಹೂವಿನದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಹೊಲಿದ ಸರೋಂಗನ್ನು ಹಾಗೆಯೇ ಉಡಬಹುದು: ಒಳಗೆ ಕಾಲಿಟ್ಟು, ತ್ರಿಕೋನದ ತಲೆಯನ್ನು ಮುಂದಕ್ಕೆ ತಂದು, ಉಳಿದ ಅಗಲವನ್ನು ಮಡಿಸಿ ಸೊಂಟಪಟ್ಟಿಯಲ್ಲಿ ಬಿಗಿದುಕೊಳ್ಳಿ. ಮೇಲೆ ಉದ್ದ ತೋಳಿನ ಸಾದಾ ರವಿಕೆ ಸಾಕು. ಮಗಳಿಗೆ ಕುರ್ತಾ ಬೇಕೇ ಬೇಕೆಂದರೆ ಹೊಸ ಚಾಪ್ ಬಟ್ಟೆ ಕೊಳ್ಳಿ. ಇದನ್ನು ಕತ್ತರಿಸಿದರೆ ಹೂಗೊಂಚಲು ಹೆಗಲಿನ ಹೊಲಿಗೆಯಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಹಕ್ಕಿ ಕಂಕುಳಲ್ಲಿ ಹೋಗಿ ಕೂರುತ್ತದೆ.

ಐವತ್ತು ವರ್ಷ ಮಡಿಸಿಟ್ಟ ಬಟ್ಟೆ, ಉಡುವ ಮೊದಲು ಒಗೆಯಬೇಕು. ವಾಷಿಂಗ್ ಮೆಷಿನ್, ಸೋಪಿನ ಪುಡಿ ಎರಡೂ ಬೇಡ. ಜಾವಾದವರು ಬಾಟಿಕ್ ಒಗೆಯುವುದು ‘ಲೆರಾಕ್’ ಕಾಯಿಯಲ್ಲಿ. ಅದು ನಮ್ಮ ಅಂಟುವಾಳದ ಸೋದರ. ನಿಮ್ಮ ಮಲೆನಾಡಿನಲ್ಲಿ ಅಂಟುವಾಳಕ್ಕೇನು ಬರ? ಹತ್ತು ಹನ್ನೆರಡು ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಆ ನೊರೆನೀರನ್ನು ತಣ್ಣೀರಿಗೆ ಬೆರೆಸಿ. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಕೆಂಪಿನ ಒಂದು ಮೂಲೆಗೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ ನನಗೆ ಬರೆಯಿರಿ. ಬಿಡದಿದ್ದರೆ ನೀರಲ್ಲಿ ಅದ್ದಿ ಎತ್ತಿ, ಹಿಂಡದೆ, ನೆರಳಲ್ಲಿ ಹರಡಿ. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಇರಲಿ.

ಟ್ರಂಕಿಗೆ ಮರಳಿಸುವುದಾದರೆ ನುಸಿಗುಳಿಗೆ ಹಾಕಬೇಡಿ. ಅಲ್ಲಿಯವರ ಹಾಗೆ ಲಾವಂಚದ ಬೇರಿನ ಕಟ್ಟು ಇಡಿ. ಮಡಿಕೆಯ ಗೆರೆ ವರ್ಷಕ್ಕೊಮ್ಮೆ ಬದಲಿಸಿ, ಇಲ್ಲವಾದರೆ ಬಟ್ಟೆ ಮಡಿಕೆಯಲ್ಲೇ ಹರಿಯುತ್ತದೆ. ಫೋಟೊದಲ್ಲಿ ಪರಂಗ್‌ನ ನಡುಮಡಿಕೆ ಈಗಾಗಲೇ ತೆಳ್ಳಗಾದಂತೆ ಕಾಣುತ್ತಿದೆ. ಮೂಲೆಯಲ್ಲಿ ಸಹಿ ಸಿಕ್ಕರೆ, ಅದರ ಹತ್ತಿರದ ಫೋಟೊ ಒಂದು, ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ.